ಅಂಗಳದ ನಿತ್ಯಪುಷ್ಪದಿಂದಲೇ ಕೀಮೋ ಔಷಧಿ ಬರುತ್ತಂತೆ. ಹಂಗಾದ್ರೆ ಕಷಾಯ ಕುಡಿಸಬಹುದಾ?

ಆನಗೋಡು ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನಿಗೆ ಆರು ವರ್ಷ. ಯುಗಾದಿ ಆದಮೇಲೆ ಜ್ವರ ಬಂದದ್ದು ಬಿಡಲೇ ಇಲ್ಲ. ಕಾಲ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಎದ್ದವು. ದಾವಣಗೆರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಜಾಸ್ತಿ ಕಾಣುವ ಎಎಲ್‌ಎಲ್ ಅನ್ನುವ ಬಗೆ ಅಂದರು. ಈಗ ವಾರಕ್ಕೊಂದು ಇಂಜೆಕ್ಷನ್ ನಡೆಯುತ್ತಿದೆ. ಎರಡು ಆಗಿವೆ.

ಚೀಟಿಯಲ್ಲಿ ವಿನ್‌ಕ್ರಿಸ್ಟಿನ್ ಅಂತ ಬರೆದಿದ್ದರು. ಏನಿದು ಅಂತ ಫೋನಿನಲ್ಲಿ ಹುಡುಕಿದರೆ ನಮ್ಮ ಅಂಗಳದ ನಿತ್ಯಪುಷ್ಪದ ಫೋಟೋ ಬಂತು! ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರಲ್ಲ, ಅದೇ. ಐದು ಎಸಳು, ಗುಲಾಬಿ ಬಣ್ಣ, ನಡುವೆ ಒಂದು ಗಾಢ ಚುಕ್ಕೆ. ನಮ್ಮ ಮನೆಯಲ್ಲಿ ಬಚ್ಚಲ ನೀರು ಹೋಗುವ ಕಡೆ ಯಾರೂ ನೆಡದೆ ತಾನಾಗಿ ಬೆಳೆದಿದೆ.

ಬಾಯಿ ತಡೆಯಲಿಲ್ಲ, ಅಜ್ಜಿಗೆ ಹೇಳಿಬಿಟ್ಟೆ. ಅವತ್ತಿನಿಂದ ಒಂದೇ ಹಟ. "ಗಿಡ ಮನೇಲೈತೆ, ಅದನ್ನ ಬಿಟ್ಟು ಬೆಂಗಳೂರಿಗೆ ಹೋಗಿ ಮಗೂಗೆ ಸೂಜಿ ಚುಚ್ಚಿಸ್ತೀರಲ್ಲೋ. ನಾಲ್ಕೆಲೆ ಕುದಿಸಿ ಕುಡಿಸಿದ್ರೆ ಏನಾಗುತ್ತೆ?" ಅಕ್ಕನೂ ಈಗ ಅರ್ಧ ಒಪ್ಪಿದ್ದಾಳೆ. ಇಂಜೆಕ್ಷನ್ ಬಿಡಿಸುವ ಯೋಚನೆ ಇಲ್ಲ, ಜೊತೆಗೆ ಕೊಡೋಣ ಅಂತ. ಏನು ಹೇಳಲಿ? ತಿಳಿದವರು ಹೇಳಿ.

ಔಷಧಿ ಅಂಗಡಿ

ತಮ್ಮಾ, ಮೊದಲು ಉತ್ತರ: ಬೇಡ. ಒಂದು ಗುಟುಕೂ ಬೇಡ. ಕಾರಣ ನಿಧಾನಕ್ಕೆ ಹೇಳುತ್ತೇನೆ, ಅಜ್ಜಿಗೆ ಓದಿ ಹೇಳು.

ನಿನ್ನ ಅಳಿಯನಿಗೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಒಂದು ಮಿಲಿಗ್ರಾಂ ಚಿಲ್ಲರೆ ಇರಬೇಕು. ಪುಡಿ ಉಪ್ಪಿನ ಹದಿನೈದಿಪ್ಪತ್ತು ಹರಳು ಲೆಕ್ಕ ಹಾಕು, ಅಷ್ಟೇ ತೂಕ. ಮಗುವಿನ ಎತ್ತರ, ತೂಕ ನೋಡಿ ಮೈಯ ವಿಸ್ತೀರ್ಣ ಲೆಕ್ಕ ಹಾಕಿ ಕೊಡುತ್ತಾರೆ. ದೊಡ್ಡವರಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟಿಸುವುದಿಲ್ಲ. ದಾಟಿದರೆ ನರಗಳಿಗೆ ಪೆಟ್ಟು.

ಈಗ ಎಲೆಗೆ ಬಾ. ಒಂದು ಟನ್ ಒಣ ಎಲೆ ಸಂಸ್ಕರಿಸಿದರೆ ವಿನ್‌ಕ್ರಿಸ್ಟಿನ್ ಸಿಗುವುದು ಕೆಲವೇ ಗ್ರಾಂ. ಅಂದರೆ ಮಗುವಿನ ಒಂದು ಡೋಸಿಗೆ ನೂರಾರು ಗ್ರಾಂ ಒಣ ಎಲೆ ಬೇಕು. ಅಜ್ಜಿಯ ನಾಲ್ಕೆಲೆಯಲ್ಲಿ ಅದು ಇಲ್ಲ ಅನ್ನುವಷ್ಟೇ. ಆದರೆ ಆ ಎಲೆಯಲ್ಲಿ ಬೇರೆ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ, ಅಂದರೆ ಮೈ ಮೇಲೆ ಜೋರಾಗಿ ಕೆಲಸ ಮಾಡುವ ಗಿಡದ ವಸ್ತುಗಳು. ಕಷಾಯದಲ್ಲಿ ಯಾವುದು ಎಷ್ಟು ಇಳಿಯಿತು ಅಂತ ಯಾರಿಗೆ ಗೊತ್ತು? ಮಳೆಗಾಲದ ಎಲೆ ಬೇರೆ, ಬೇಸಿಗೆಯ ಎಲೆ ಬೇರೆ. ಬೇಕಾದದ್ದು ಸಾಲುವಷ್ಟು ಇಲ್ಲ, ಬೇಡದ್ದೆಲ್ಲ ಇದೆ.

ಆಡುಮಲ್ಲೇಶ್ವರ ದಾರಿ

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆಯಲ್ವಾ? ಇದೊಂದು ಸೊಪ್ಪಿದೆ. ನಮ್ಮ ಮನೆಯಲ್ಲಿ ಮೂವತ್ತು ಆಡು ಇದ್ದವು. ಬೇಲಿ ತಿಂದವು, ಎಕ್ಕದ ಹೂವು ತಿಂದವು, ನನ್ನ ಶಾಲೆಯ ಪುಸ್ತಕ ತಿಂದವು. ನಿತ್ಯಪುಷ್ಪ ಮೂಸಿ ಮುಂದಕ್ಕೆ ಹೋಗುತ್ತಿದ್ದವು. ಅಜ್ಜಿಗೆ ಇದನ್ನು ಹೇಳಿ ನೋಡಿ, ವಿಜ್ಞಾನಕ್ಕಿಂತ ಬೇಗ ನಾಟುತ್ತದೆ.

ಸತ್ಯ ಮಾತ್ರ

ಇದೆಲ್ಲ ಕಂಪನಿಗಳ ಆಟ. ಗಿಡದಿಂದ ಗುಣ ಆಗುತ್ತೆ ಅಂತ ಜನಕ್ಕೆ ತಿಳಿದರೆ ಅವರ ವ್ಯಾಪಾರ ಮುಗೀತು. ಅದಕ್ಕೇ ಮುಚ್ಚಿಡ್ತಾರೆ.

ಔಷಧಿ ಅಂಗಡಿ

ಮುಚ್ಚಿಟ್ಟಿದ್ದರೆ ಈ ಹುಡುಗನಿಗೆ ಎರಡು ನಿಮಿಷದಲ್ಲಿ ಫೋನಿನಲ್ಲಿ ಹೇಗೆ ಸಿಕ್ಕಿತು ಸರ್? ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1963ರಲ್ಲಿ. ಪೇಟೆಂಟ್ ಯಾವತ್ತೋ ಮುಗಿದಿದೆ. ಕೀಮೋ ಔಷಧಿಗಳ ಪೈಕಿ ಅಗ್ಗದವುಗಳಲ್ಲಿ ಇದೂ ಒಂದು. ಬಿಲ್ ಏರುವುದು ಪರೀಕ್ಷೆಗೆ, ರಕ್ತ, ಪ್ಲೇಟ್‌ಲೆಟ್‌ಗೆ, ಓಡಾಟಕ್ಕೆ, ಅಲ್ಲಿ ಉಳಿದುಕೊಳ್ಳುವುದಕ್ಕೆ. ಅದರ ಬಗ್ಗೆ ಸಿಟ್ಟಿದ್ದರೆ ನಾನೂ ನಿಮ್ಮ ಜೊತೆಗಿದ್ದೇನೆ.

ಈ ಔಷಧಿ ಸಿಕ್ಕಿದ ಕಥೆ ಕೇಳಿ. 1952ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಅನ್ನುವ ವಿಜ್ಞಾನಿಗೆ ಅವರ ಅಣ್ಣ ಒಂದು ಲಕೋಟೆ ಕಳಿಸಿದರು. ಅದರಲ್ಲಿ ಜಮೈಕಾದಿಂದ ಬಂದ ನಿತ್ಯಪುಷ್ಪದ 25 ಎಲೆ. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಚಹಾ ಕುಡಿಯುತ್ತಿದ್ದರು. ನೋಬಲ್ ಇಲಿಗಳಿಗೆ ಬಾಯಿ ಮೂಲಕ ಕೊಟ್ಟು ನೋಡಿದರು, ಸಕ್ಕರೆ ಇಳಿಯಲಿಲ್ಲ. ಎಲೆಯ ಸಾರವನ್ನು ಚುಚ್ಚಿ ನೋಡಿದರು, ಇಲಿಗಳು ವಾರದೊಳಗೆ ಸೋಂಕು ತಗುಲಿ ಸತ್ತವು. ಯಾಕೆ ಅಂತ ನೋಡಿದರೆ ರಕ್ತದ ಬಿಳಿ ಕಣಗಳು ಕುಸಿದಿದ್ದವು. ಬೇರೆಯವರಾದರೆ ಕೈ ತೊಳೆದುಕೊಂಡು ಎದ್ದುಹೋಗುತ್ತಿದ್ದರು. ಇವರಿಗೆ ಹೊಳೆದದ್ದು ಬೇರೆ: ಬಿಳಿ ಕಣ ಮಿತಿ ಮೀರಿ ಹೆಚ್ಚುವ ಕಾಯಿಲೆಯೇ ರಕ್ತದ ಕ್ಯಾನ್ಸರ್ ಅಲ್ವಾ? ಚಾರ್ಲ್ಸ್ ಬೀರ್ ಜೊತೆ ಸೇರಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದರ ತಮ್ಮನೇ ವಿನ್‌ಕ್ರಿಸ್ಟಿನ್.

ಅಜ್ಜಿ ಕೇಳುವ ಪ್ರಯೋಗ ಆಗಿಹೋಗಿದೆ ನೋಡಿ. ಬಾಯಿಗೆ ಹಾಕಿದರೆ ಕೆಲಸ ಮಾಡಲಿಲ್ಲ, ಅಳತೆ ಇಲ್ಲದೆ ಚುಚ್ಚಿದರೆ ಇಲಿ ಸತ್ತವು.

ಆನಗೋಡು ಹುಡುಗ

ಅಕ್ಕಾರೆ, ನಿಮ್ಮ ಪೋಸ್ಟ್ ಅಜ್ಜಿಗೆ ಓದಿ ಹೇಳಿದೆ. ಸಕ್ಕರೆ ಕಾಯಿಲೆ ಅಂದ ಕೂಡಲೇ ಮುಖ ಸಣ್ಣದಾಯಿತು. ಎರಡು ವರ್ಷದಿಂದ ಬೆಳಗ್ಗೆ ಹಲ್ಲುಜ್ಜಿ ಅದರ ಎರಡೆಲೆ ಜಗಿಯುತ್ತಿದ್ದಾಳಂತೆ! ಶುಗರ್ ಮಾತ್ರೆಗಳೆಲ್ಲ ದೇವರ ಗೂಡಿನ ಹಿಂದೆ ಡಬ್ಬಿಯಲ್ಲಿವೆ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ನರ್ಸಕ್ಕ

ಮೊದಲು ಅಜ್ಜಿಯ ಶುಗರ್ ಚೆಕ್ ಮಾಡಿಸಿ. ಡಾಕ್ಟರಿಗೆ ಎಲೆ ವಿಷಯವನ್ನೂ ಹೇಳಿ, ಮುಚ್ಚಿಡಬೇಡಿ. ಅಜ್ಜಿಯ ಸಂಗತಿ ಅಲ್ಲಿಗೆ ಆಯಿತು. ಈಗ ಮಗುವಿನ ವಿಷಯ.

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ವಿನ್‌ಕ್ರಿಸ್ಟಿನ್ ನೋಡೋಕೆ ನೀರಿನ ಹಾಗೆ, ಬಣ್ಣ ಇಲ್ಲ. ಅದನ್ನು ಕೈಗೆ ತಗೊಂಡಾಗ ಈಗಲೂ ನನ್ನ ಮೈ ಬಿಗಿಯಾಗುತ್ತದೆ. ಇದೇ ಮಕ್ಕಳಿಗೆ ಬೆನ್ನುಹುರಿಯ ನೀರಿಗೆ ಇನ್ನೊಂದು ಔಷಧಿ ಕೊಡುತ್ತಾರೆ, ಮೆಥೊಟ್ರೆಕ್ಸೇಟ್, ಅದು ಹಳದಿ. ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನಿಗೆ ಹೋದರೆ ಸಾಮಾನ್ಯವಾಗಿ ಮಗು ಉಳಿಯುವುದಿಲ್ಲ. ಲೋಕದಲ್ಲಿ ಇಂಥ ಸಾವುಗಳು ಆಗಿವೆ. ಅದಕ್ಕೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇದನ್ನು ಸಿರಿಂಜಿನಲ್ಲಿ ತುಂಬಬೇಡಿ, ಸಣ್ಣ ಸಲೈನ್ ಚೀಲದಲ್ಲಿ ಹಾಕಿ ಕೊಡಿ ಅಂತ ಎಚ್ಚರಿಸಿತು. ಚೀಲ ಕಂಡರೆ ಬೆನ್ನಿಗೆ ಹಾಕಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ನಾವು ಇಬ್ಬರು ನಿಂತು ಓದುತ್ತೇವೆ. ಒಬ್ಬರು ಚೀಲದ ಮೇಲಿನ ಹೆಸರು, ಡೋಸ್, ಯಾವ ದಾರಿಯಲ್ಲಿ ಕೊಡಬೇಕು ಅನ್ನುವುದನ್ನು ಓದಿದರೆ ಇನ್ನೊಬ್ಬರು ಚಾರ್ಟ್ ಹಿಡಿದು ಹೂಂ ಅನ್ನುತ್ತಾರೆ. ಸೂಜಿ ರಕ್ತನಾಳದೊಳಗೇ ಇದೆಯಾ ಅಂತ ರಕ್ತ ಹಿಂದಕ್ಕೆ ಬರಿಸಿ ನೋಡುತ್ತೇವೆ. ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟ ಹಾಗೆ ಹುಣ್ಣಾಗುತ್ತದೆ. ಹನಿ ಹನಿ ಎಣಿಸುವ ಇಂಥ ಔಷಧಿಯ ಜೊತೆ ಮನೆಯ ಪಾತ್ರೆಯಲ್ಲಿ ಕುದಿಸಿದ್ದನ್ನು ಹೇಗೆ ಕೊಡಲಿ ಹೇಳಿ.

ಮಗುವಿಗೆ ಮಲಬದ್ಧತೆ ಆಗುತ್ತದೆ. ದವಡೆ ನೋವು, ಕಾಲು ಜೋಮು ಅನ್ನಬಹುದು. ನಡೆಯುವಾಗ ಮುಂಗಾಲು ಎಳೆದರೆ ಹೇಳಲೇಬೇಕು, ಡೋಸ್ ತಿದ್ದುತ್ತಾರೆ.

ಔಷಧಿ ಅಂಗಡಿ

ಇದಕ್ಕೊಂದು ಸೇರಿಸುತ್ತೇನೆ. ಹುಳುಕಡ್ಡಿಗೆ, ಬಾಯಿಯ ಬಿಳಿ ಹುಣ್ಣಿಗೆ ಬರೆಯುವ ಇಟ್ರಾಕೊನಜೋಲ್ ಗೊತ್ತಲ್ಲ? ಅದು ದೇಹ ವಿನ್‌ಕ್ರಿಸ್ಟಿನ್ ಅನ್ನು ಹೊರಹಾಕುವುದನ್ನು ತಡೆಯುತ್ತದೆ. ಎರಡೂ ಸೇರಿದರೆ ವಿಷ ಏರಿದ ಹಾಗೆ. ನಮಗೆ ಮಾಮೂಲಿ ಮಾತ್ರೆಯೇ ಹಿಂಗೆ ಮಾಡಬಹುದಾದರೆ, ಹೆಸರಿಲ್ಲದ ಕಷಾಯ ಏನು ಮಾಡುತ್ತದೋ. ಅಂಗಡಿಯಿಂದ ಯಾವ ಮಾತ್ರೆ ತಂದರೂ ಆಸ್ಪತ್ರೆಗೆ ಒಂದು ಫೋನ್ ಮಾಡಿ.

ಮಿಲ್ ಕಾಲೋನಿ ಅಜ್ಜ

ನಾನು ಓದಿದ್ದು ಏಳನೇ ಕ್ಲಾಸು. ಕಾಟನ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ನೂಲು ತೆಗೆದೆ. ಈ ಔಷಧಿ ಒಳಗೆ ಹೋಗಿ ಮಾಡುವುದಾದರೂ ಏನು? ಯಾರಾದರೂ ನನಗೆ ತಿಳಿಯುವ ಹಾಗೆ ಹೇಳಿ.

ಜೋಗಿಮಟ್ಟಿ ಗಾಳಿ

ಅಜ್ಜಾರೆ, ನಿಮಗೆ ಹೇಳುವುದೇ ಸಲೀಸು. ಇದು ನೂಲಿನ ಕಥೆಯೇ. (ನಾನು ದುರ್ಗದಲ್ಲಿ ಬಯಾಲಜಿ ಪಾಠ ಮಾಡುತ್ತೇನೆ.)

ಒಂದು ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ಎಳೆಗಳು ಹುಟ್ಟುತ್ತವೆ. ಆ ಎಳೆಗಳು ವಂಶವಾಹಿಗಳ ಗಂಟನ್ನು ಹಿಡಿದು ಅರ್ಧ ಆ ಕಡೆ, ಅರ್ಧ ಈ ಕಡೆ ಎಳೆಯುತ್ತವೆ. ಟ್ಯುಬ್ಯುಲಿನ್ ಅನ್ನುವುದು ಹತ್ತಿ, ಎಳೆ ಅನ್ನುವುದು ನೂಲು. ವಿನ್‌ಕ್ರಿಸ್ಟಿನ್ ಹತ್ತಿಯನ್ನೇ ಹಿಡಿದುಕೊಂಡು ನೂಲು ಆಗಲು ಬಿಡುವುದಿಲ್ಲ. ಕೋಶ ಅರ್ಧದಲ್ಲಿ ಸಿಕ್ಕಿಕೊಂಡು ಸಾಯುತ್ತದೆ.

ಪ್ಯಾಕ್ಲಿಟ್ಯಾಕ್ಸೆಲ್ ಅಂತ ಇನ್ನೊಂದು ಕ್ಯಾನ್ಸರ್ ಔಷಧಿ ಇದೆ, ಚಳಿ ಪ್ರದೇಶದಲ್ಲಿ ಬೆಳೆಯುವ ಯೂ ಅನ್ನುವ ಮರದ ತೊಗಟೆಯದು. ಅದರದ್ದು ಉಲ್ಟಾ ಕೆಲಸ. ನೂಲು ಆಗಲು ಬಿಡುತ್ತದೆ, ಆದ ನೂಲು ಬಿಚ್ಚಲು ಬಿಡುವುದಿಲ್ಲ. ಗಂಜಿ ಹಾಕಿ ಒಣಗಿಸಿದ ಹಾಗೆ ಗಟ್ಟಿ. ಎಳೆ ಬಿಚ್ಚದಿದ್ದರೂ ಕೋಶ ಎರಡಾಗಲಾರದು. ಇದನ್ನು 1979ರಲ್ಲಿ ತೋರಿಸಿಕೊಟ್ಟವರು ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್.

ಕ್ಯಾನ್ಸರ್ ಕೋಶ ಬೇಗ ಬೇಗ ಒಡೆಯುತ್ತದೆ, ಅದಕ್ಕೆ ಪೆಟ್ಟು ಜಾಸ್ತಿ. ಆದರೆ ಕೂದಲ ಬುಡ, ಕರುಳಿನ ಒಳಪದರ, ರಕ್ತ ಹುಟ್ಟುವ ಮಜ್ಜೆ, ಇವೂ ಬೇಗ ಒಡೆಯುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣು, ಬಿಳಿ ಕಣ ಇಳಿಯುವುದು ಅದಕ್ಕೇ. ನರಗಳು ಒಡೆಯುವುದಿಲ್ಲ, ಆದರೆ ಉದ್ದಕ್ಕೂ ಸಾಮಾನು ಸಾಗಿಸಲು ಇದೇ ನೂಲನ್ನು ಹಳಿಯ ಹಾಗೆ ಬಳಸುತ್ತವೆ. ಬೆರಳ ತುದಿ ಜೋಮು ಹಿಡಿಯುವುದು ಆ ಕಾರಣಕ್ಕೆ.

ಮಿಲ್ ಕಾಲೋನಿ ಅಜ್ಜ

ತಿಳೀತು ಮೇಷ್ಟ್ರೇ. ಮಿಲ್ ನಿಲ್ಲಿಸಬೇಕಾದರೆ ಹತ್ತಿ ತಡೆದರೂ ಸೈ, ಕದಿರು ಕಟ್ಟಿಹಾಕಿದರೂ ಸೈ. ನಮ್ಮ ಮಿಲ್ಲು ಎರಡೂ ಇಲ್ಲದೆ ನಿಂತಿತು, ಆ ಮಾತು ಬೇರೆ.

ಕೆಳಗೋಟೆ ಅಕ್ಕ

ನಾನು ಪ್ಯಾಕ್ಲಿಟ್ಯಾಕ್ಸೆಲ್ ತಗೊಂಡವಳು. ಎದೆಯ ಕ್ಯಾನ್ಸರ್. ಹನ್ನೆರಡು ವಾರ, ಹನ್ನೆರಡು ಡೋಸ್. ಮುಗಿದು ಮೂರು ವರ್ಷ ಆಯಿತು. ಹೂವು ಕಟ್ಟುವಾಗ ದಾರದ ಗಂಟು ಈಗಲೂ ಬೆರಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಮೇಷ್ಟ್ರು ಹೇಳಿದ ಮೇಲೆ ಇವತ್ತು ಕಾರಣ ತಿಳಿಯಿತು.

ಒಂದು ವಿಷಯ ಕೇಳಬೇಕು. ಪ್ರತಿ ಸಲ ಮೊದಲು ಸ್ಟಿರಾಯ್ಡ್, ಅಲರ್ಜಿ ಇಂಜೆಕ್ಷನ್ ಕೊಟ್ಟು ಆಮೇಲೆ ಇದನ್ನು ಹಾಕುತ್ತಿದ್ದರು. ಮರದ ತೊಗಟೆಗೆ ಅಷ್ಟು ಅಲರ್ಜಿಯಾ?

ಔಷಧಿ ಅಂಗಡಿ

ಅಕ್ಕಾ, ತಪ್ಪು ಹೆಚ್ಚಾಗಿ ತೊಗಟೆಯದ್ದಲ್ಲ, ಔಡಲದ್ದು! ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹರಳೆಣ್ಣೆಯನ್ನು ರಾಸಾಯನಿಕವಾಗಿ ಬದಲಿಸಿ ಮಾಡಿದ ಕ್ರೆಮೊಫೋರ್ ಅನ್ನುವ ದ್ರವದಲ್ಲಿ, ಆಲ್ಕೋಹಾಲ್ ಜೊತೆ ಕರಗಿಸುತ್ತಾರೆ. ಆ ದ್ರವವೇ ಅನೇಕರ ಮೈಗೆ ಆಗುವುದಿಲ್ಲ. ಆಮೇಲೆ ಪ್ರೋಟೀನಿಗೆ ಅಂಟಿಸಿದ ಇನ್ನೊಂದು ಬಗೆ ಬಂತು, ಅಮೆರಿಕದಲ್ಲಿ 2005ರಲ್ಲಿ. ಅದಕ್ಕೆ ಆ ಎಣ್ಣೆ ಬೇಡ.

ಕೆಳಗೋಟೆ ಅಕ್ಕ

ಅಯ್ಯೋ ದೇವರೇ. ನಮ್ಮ ಹೊಲದ ಬದುವಿನಲ್ಲಿ ಇರುವುದೆಲ್ಲ ಔಡಲವೇ.

ಜೋಗಿಮಟ್ಟಿ ಗಾಳಿ

ಯೂ ಮರದ ಕಥೆಯಲ್ಲಿ ನಮ್ಮವರೊಬ್ಬರಿದ್ದಾರೆ. ಮನ್ಸುಖ್ ವಾನಿ, ಮಹಾರಾಷ್ಟ್ರದ ನಂದುರಬಾರ್‌ನವರು. ಮನ್ರೋ ವಾಲ್ ಜೊತೆ ಅಮೆರಿಕದಲ್ಲಿ ಕೆಲಸ ಮಾಡಿದರು. 1962ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ತಂದ ತೊಗಟೆ ಇವರ ಲ್ಯಾಬಿಗೆ ಬಂತು. ಔಷಧಿಯ ರಚನೆ ಪ್ರಕಟವಾದದ್ದು 1971ರಲ್ಲಿ. ರೋಗಿಗಳಿಗೆ ಕೊಡಲು ಒಪ್ಪಿಗೆ ಸಿಕ್ಕಿದ್ದು 1992ರ ಕೊನೆಗೆ. ಮೂವತ್ತು ವರ್ಷ! ತೊಗಟೆ ಸುಲಿದರೆ ಮರ ಸಾಯುತ್ತದೆ, ಒಬ್ಬ ರೋಗಿಗೆ ಹಲವು ಮರ ಬೇಕು. ಹಿಂಗಾದರೆ ಕಾಡೇ ಉಳಿಯಲ್ಲ ಅಂತ ಗಲಾಟೆ ಆಯಿತು. ಕೊನೆಗೆ ಯುರೋಪಿನ ಯೂ ಮರದ ಎಲೆಯಲ್ಲಿ ಇದರ ಕಚ್ಚಾ ರೂಪ ಸಿಕ್ಕಿತು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಅದನ್ನು ಲ್ಯಾಬಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಮಾಡುವ ದಾರಿ ಕಂಡುಕೊಂಡರು. ಈಗ ಗಿಡದ ಕೋಶಗಳನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿಯೂ ತೆಗೆಯುತ್ತಾರೆ. ನಮ್ಮ ಹಿಮಾಲಯದ ಯೂ ಮರಕ್ಕೂ ಕೊಡಲಿ ಬಿತ್ತು, ಈಗ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಡಿವಾಣ ಇದೆ.

ಇದೇ ವಾಲ್ ಮತ್ತು ವಾನಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ತೆಗೆದಿದ್ದರು. ಅದೇ ವಸ್ತು ನಮ್ಮ ಪಶ್ಚಿಮ ಘಟ್ಟದ ಇನ್ನೊಂದು ಮರದಲ್ಲೂ ಇದೆ! ಮರಾಠಿಯಲ್ಲಿ ನರ್ಕ್ಯಾ ಅನ್ನುವ ಮರ, ನರಕದಂಥ ವಾಸನೆ ಅಂತ ಆ ಹೆಸರು. ಕ್ಯಾಂಪ್ಟೊಥೆಸಿನ್‌ನ ರೂಪ ಬದಲಿಸಿ ಮಾಡಿದ ಔಷಧಿಗಳೇ ಇರಿನೊಟೆಕಾನ್, ಟೊಪೊಟೆಕಾನ್. ಎರಡಕ್ಕೂ 1996ರಲ್ಲಿ ಅಮೆರಿಕದ ಒಪ್ಪಿಗೆ. ದೊಡ್ಡ ಕರುಳು, ಅಂಡಾಶಯದ ಕ್ಯಾನ್ಸರಿಗೆ ಕೊಡುತ್ತಾರೆ.

ಚನ್ನಗಿರಿ ತೋಟ

ಅಡಿಕೆಯಲ್ಲೂ ಕ್ಯಾನ್ಸರ್ ಗುಣ ಮಾಡುವ ಅಂಶ ಇದೆ ಅಂತ ನಮ್ಮ ಗುಂಪಿನಲ್ಲಿ ಬಂದಿತ್ತು. ಅದನ್ನೂ ಸೇರಿಸಿ ಮೇಷ್ಟ್ರೇ.

ಜೋಗಿಮಟ್ಟಿ ಗಾಳಿ

ಸೇರಿಸೋಕೆ ಆಗಲ್ಲ ಸರ್, ಬೇಜಾರು ಮಾಡ್ಕೋಬೇಡಿ. ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವ ವಸ್ತು ಸಾವಿರ ಇವೆ. ಸೋಪಿನ ನೀರು ಹಾಕಿದರೂ ಸಾಯುತ್ತವೆ. ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿ ಇಪ್ಪತ್ತು ವರ್ಷದ ಮೇಲಾಯಿತು. ತಂಬಾಕು ಇಲ್ಲದಿದ್ದರೂ.

ಚನ್ನಗಿರಿ ತೋಟ

ನಮ್ಮ ತಾತ ತೊಂಬತ್ತು ವರ್ಷ ಎಲೆ ಅಡಿಕೆ ಹಾಕಿದ್ದ. ಏನೂ ಆಗಲಿಲ್ಲ.

ನರ್ಸಕ್ಕ

ನಿಮ್ಮ ತಾತನ ಪುಣ್ಯ. ಬಾಯಿ ತೆಗೆಯಲಾರದೆ ಸ್ಟ್ರಾ ಹಾಕಿ ಗಂಜಿ ಕುಡಿಯುವ ಇಪ್ಪತ್ತೈದರ ಹುಡುಗರನ್ನು ನಾನು ನೋಡಿದ್ದೇನೆ. ಈ ಜಗಳ ಇಲ್ಲಿಗೆ ಸಾಕು, ಮಗುವಿನ ವಿಷಯಕ್ಕೆ ಬನ್ನಿ.

ಚಳ್ಳಕೆರೆ ಶೇಂಗಾ

ಅಣಬೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ತಂದೆಗೆ ಲಿವರ್ ಕ್ಯಾನ್ಸರ್ ಅಂದಾಗ ಪರಿಚಯದ ಏಜೆಂಟ್ ಒಬ್ಬ ಅಣಬೆ ಪುಡಿ ತಂದುಕೊಟ್ಟ. ಮೂರು ತಿಂಗಳಿಗೆ 18 ಸಾವಿರ. ಜಪಾನಿನಲ್ಲಿ ಇದೇ ಔಷಧಿ ಅಂದ. ಪುಡಿ ಮುಗಿಯುವ ಮೊದಲೇ ತಂದೆ ಹೋದರು. ಅವನು ಈಗಲೂ ಎದುರಿಗೆ ಸಿಗುತ್ತಾನೆ, ನಮಸ್ಕಾರ ಹೇಳುತ್ತಾನೆ. ಜಪಾನಿನ ಮಾತು ಸುಳ್ಳಾ?

ಜೋಗಿಮಟ್ಟಿ ಗಾಳಿ

ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಜಪಾನಿನಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್, ಇನ್ನೊಂದು ಅಣಬೆಯಿಂದ ತೆಗೆದ ಕ್ರೆಸ್ಟಿನ್ ಅಂತ ಇದ್ದವು. ಕೀಮೋ ಜೊತೆಗೆ, ರೋಗ ನಿರೋಧಕ ಶಕ್ತಿಗೆ ಅಂತ ಕೊಡುತ್ತಿದ್ದರು, ಕೀಮೋ ಬದಲಿಗೆ ಅಲ್ಲ. ಅವು ಶುದ್ಧ ಮಾಡಿ ಅಳತೆ ಕಟ್ಟಿದ ಸಾರ. ನಿಮಗೆ ಕೊಟ್ಟದ್ದು ಒಣಗಿಸಿ ಬೀಸಿದ ಪುಡಿ. ಅಣಬೆಯಿಂದ ಬಂದು ವಿನ್‌ಕ್ರಿಸ್ಟಿನ್ ಥರ ಎಲ್ಲ ಕಡೆ ಬಳಕೆಯಾಗುವ ಕ್ಯಾನ್ಸರ್ ಔಷಧಿ ಇಲ್ಲ.

ಶಿಲೀಂಧ್ರದ ಕಥೆ ಬೇರೆ ಕಡೆ ಇದೆ. 1993ರಲ್ಲಿ ಯೂ ಮರದ ತೊಗಟೆಯೊಳಗೆ ಬದುಕುವ ಒಂದು ಬೂಷ್ಟು ತಾನೂ ಚೂರು ಪ್ಯಾಕ್ಲಿಟ್ಯಾಕ್ಸೆಲ್ ಮಾಡುತ್ತದೆ ಅಂತ ಅಮೆರಿಕದವರು ಪ್ರಕಟಿಸಿದರು. ಮರ ಕಡಿಯುವುದೇ ಬೇಡ, ಬೂಷ್ಟು ಬೆಳೆಸಿದರೆ ಸಾಕು ಅಂತ ಎಲ್ಲರಿಗೂ ಆಸೆ. ನರ್ಕ್ಯಾ ಮರದೊಳಗಿನ ಶಿಲೀಂಧ್ರದ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲೂ ಕೆಲಸ ನಡೆದಿದೆ. ತೊಡಕು ಏನೆಂದರೆ, ಮರದಿಂದ ಹೊರಗೆ ತಂದು ಲ್ಯಾಬಿನಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದರೆ ಅದು ಔಷಧಿ ಮಾಡುವುದನ್ನು ಕಡಿಮೆ ಮಾಡುತ್ತಾ ಬರುತ್ತದೆ. ತವರು ಬಿಟ್ಟ ಹಾಗೆ.

ಇನ್ನು ನಿಮ್ಮ ಊರಿನ ಶೇಂಗಾ. ಸರಿಯಾಗಿ ಒಣಗದ ಶೇಂಗಾದಲ್ಲಿ ಹಸಿರು ಬೂಷ್ಟು ಬರುತ್ತದಲ್ಲ, ಅದು ಬಿಡುವ ಅಫ್ಲಟಾಕ್ಸಿನ್ ಲಿವರ್ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಬೂಷ್ಟು ಹಿಡಿದ ಕಾಯಿಯನ್ನು ಎಣ್ಣೆಗೂ ಹಾಕಬೇಡಿ, ದನಕ್ಕೂ ಹಾಕಬೇಡಿ.

ಆನಗೋಡು ಹುಡುಗ

ಮೇಷ್ಟ್ರೇ, ನಮ್ಮ ಹುಡುಗನಿಗೆ ಕೆಂಪು ನೀರಿನಂಥದ್ದೂ ಒಂದು ಹಾಕಿದರು. ಮೂತ್ರವೂ ಕೆಂಪಾಗಿ ಅಕ್ಕ ಹೆದರಿಬಿಟ್ಟಳು. ಅದು ಯಾವ ಗಿಡದ್ದು?

ಜೋಗಿಮಟ್ಟಿ ಗಾಳಿ

ಡೌನೊರುಬಿಸಿನ್ ಇರಬೇಕು. ಅದು ಗಿಡದ್ದಲ್ಲ, ಮಣ್ಣಿನದು. ಅದೂ ಕೋಟೆ ಮಣ್ಣಿನದು! 1950ರ ದಶಕದಲ್ಲಿ ಇಟಲಿಯ ಕಾಸ್ಟೆಲ್ ಡೆಲ್ ಮಾಂಟೆ ಅನ್ನುವ 13ನೇ ಶತಮಾನದ ಕೋಟೆಯ ಹತ್ತಿರದಿಂದ ತಂದ ಮಣ್ಣಿನಲ್ಲಿ ಒಂದು ಜೀವಿ ಸಿಕ್ಕಿತು, ಕಡುಕೆಂಪು ಬಣ್ಣ ಬಿಡುವಂಥದ್ದು. ಆ ಬಣ್ಣದಲ್ಲೇ ಔಷಧಿ. ಎಳೆ ಎಳೆಯಾಗಿ ಬೆಳೆಯುವುದರಿಂದ ಇದನ್ನು ಶಿಲೀಂಧ್ರ ಅಂದುಕೊಳ್ಳುವವರು ಜಾಸ್ತಿ, ನನ್ನ ಹಳೆ ನೋಟ್ಸಿನಲ್ಲೂ ಹಾಗೇ ಇದೆ. ಅದು ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾ. ದುರ್ಗದಲ್ಲಿ ಮೊದಲ ಮಳೆ ಬಿದ್ದಾಗ ಮೂಗಿಗೆ ಬರುವ ಮಣ್ಣಿನ ವಾಸನೆ ಇದೇ ಕುಲದವರದ್ದು. ಮೂತ್ರ ಕೆಂಪಾದದ್ದು ಔಷಧಿಯ ಬಣ್ಣಕ್ಕೆ ಇರಬೇಕು. ಮೂರನೇ ದಿನವೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ.

ಮೆಕ್ಕೆಜೋಳ ಸಾಕಾಯ್ತು

ಇಷ್ಟೆಲ್ಲ ಇದೆ ಅಂದಮೇಲೆ ಎರಡು ಎಕರೆಗೆ ನಿತ್ಯಪುಷ್ಪ ಹಾಕಬಹುದಾ? ಮೆಕ್ಕೆಜೋಳದ ರೇಟು ನೋಡಿ ನೋಡಿ ಸಾಕಾಗಿದೆ.

ಆಡುಮಲ್ಲೇಶ್ವರ ದಾರಿ

ತಮಿಳುನಾಡಿನಲ್ಲಿ ಬೆಳೆಯುತ್ತಾರೆ, ಎಲೆ, ಬೇರು ರಫ್ತೂ ಆಗಿದೆ. ಆದರೆ ಕೊಳ್ಳುವವರು ಬರವಣಿಗೆಯಲ್ಲಿ ಕೊಡದೆ ಬೀಜ ಹಾಕಬೇಡಿ ಅಣ್ಣಾ. ನಾನು ಹಿಂದೆ ಒಂದು ಕಂಪನಿ ಮಾತು ನಂಬಿ ಔಷಧಿ ಬೆಳೆ ಹಾಕಿದ್ದೆ. ಸಸಿ ಮಾರುವಾಗ ಫೋನ್ ಎತ್ತುತ್ತಿದ್ದರು, ಬೆಳೆ ಕೊಳ್ಳುವಾಗ ನಂಬರೇ ಚಾಲ್ತಿಯಲ್ಲಿರಲಿಲ್ಲ. ಒಂದು ಅನುಕೂಲ: ಆಡು ಕಾಯುವ ಕೆಲಸ ಇಲ್ಲ.

ಆನಗೋಡು ಹುಡುಗ

ಎಲ್ಲರಿಗೂ ಸುದ್ದಿ. ಮೂರನೇದು ಆಯಿತು. ಕಷಾಯದ ಮಾತು ನಿಂತಿದೆ. ಅಕ್ಕ ಡಾಕ್ಟರಿಗೆ ತಾನೇ ಹೇಳಿದಳು, ಹಿಂಗೆ ಯೋಚನೆ ಮಾಡಿದ್ವಿ ಅಂತ. ಅವರು ಬಯ್ಯಲಿಲ್ಲ. ಕೇಳಿದ್ದು ಒಳ್ಳೇದಾಯ್ತು ಅಂದರು. 1960ರ ಸುಮಾರಿಗೆ ಈ ಕಾಯಿಲೆಯ ಮಕ್ಕಳು ಉಳಿಯುವುದೇ ಅಪರೂಪ ಇತ್ತಂತೆ. ಈಗ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರಂತೆ. ಒಂದೇ ಔಷಧಿಯಿಂದಲ್ಲ, ನಾಲ್ಕೈದು ಸೇರಿಸಿ ಎರಡು ಮೂರು ವರ್ಷ ಬಿಡದೆ ಕೊಟ್ಟು. ನಡುವೆ ಬಿಟ್ಟುಹೋಗುವವರದ್ದೇ ನಮಗೆ ಚಿಂತೆ ಅಂದರು.

ಅಜ್ಜಿಯ ಶುಗರ್ 310 ಇತ್ತು. ಡಬ್ಬಿ ದೇವರ ಗೂಡಿನಿಂದ ಊಟದ ಮಣೆಯ ಹತ್ತಿರ ಬಂದಿದೆ. ಬೆಳಗ್ಗೆ ಗಿಡದ ಮುಂದೆ ನಿಂತು, "ಹೂವಾದ್ರೂ ಕಿತ್ತು ದೇವರಿಗೆ ಇಡಬಹುದೇನೋ, ಇಲ್ಲಾ ಅದಕ್ಕೂ ಬೆಂಗಳೂರಿಗೆ ಹೋಗಿ ಕೇಳ್ಬೇಕಾ?" ಅಂದಳು.

ಸೋಮವಾರ ನಾಲ್ಕನೇದು. ಬೆಳಗಿನ ರೈಲಿಗೆ ಹೊರಡುತ್ತೇವೆ.

ನರ್ಸಕ್ಕ

ಥರ್ಮಾಮೀಟರ್ ಕೈಚೀಲದಲ್ಲೇ ಇರಲಿ. 100.4 ಮುಟ್ಟಿದರೆ ಸೋಮವಾರದ ರೈಲಿಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಜ್ಜಿ ಹೂವು ಇಡಲಿ. ಕಿತ್ತ ಮೇಲೆ ಕೈ ತೊಳೆದುಕೊಂಡು ಮಗುವನ್ನು ಮುಟ್ಟಲಿ.